ಮಾಸ್ತರರು ಕಡೆಯವರೆಗೆ ನೋಡಿದ ಸಿನಿಮಾ

ಧಾರವಾಡದ ಆ ಬಾಡಿಗೆ ಮನೆಯ ವೈಫೈಯಲ್ಲಿ ಯಾರು ಏನು ನೋಡಿದರೂ ಮಾಲೀಕರ ಕಂಪ್ಯೂಟರಿನಲ್ಲಿ ಕಾಣುತ್ತದೆ ಎಂದು ಮಹಡಿಯಲ್ಲಿದ್ದ ಕಾಲೇಜು ಹುಡುಗರೆಲ್ಲ ನಂಬಿದ್ದರು. ನಂಬಿಸಿದವರು ಮಾಲೀಕರೇ, ಅಂಗಡಿ ಎಂಬ ನಿವೃತ್ತ ಹೆಡ್‌ಮಾಸ್ತರರು.

ಪರೀಕ್ಷೆಗೆ ವಾರವಿದ್ದಾಗ ಅವರು ಮಹಡಿ ಹತ್ತಿ ಬಂದರು.

“ಈರಪ್ಪಾ, ನಿನ್ನೆ ಸಂಜೀಕ ನೀ ಹೊಲಸು ಸಿನಿಮಾ ನೋಡಿದಿ. ಎಲ್ಲಾ ಕಂಡೈತಿ. ಇವತ್ತ ರೂಮ್ ಖಾಲಿ ಮಾಡು.”

“ಪೂರ್ತಿ ನೋಡಿದ್ರೇನ್ರಿ ಸರ್?”

“ಕಡೀತನಾ ನೋಡೇನಿ!”

“ಹಂಗಾದ್ರ ಬರದು ಸಹಿ ಮಾಡ್ರಿ. ನಮ್ಮಪ್ಪಗ ತೋರಸ್ತೇನಿ.”

‘ಬುಧವಾರ, ಸಂಜೆ ಆರರಿಂದ ಎಂಟು, ನಾನೇ ಕಂಡಿದ್ದೇನೆ’ ಎಂದು ಮಾಸ್ತರರು ದುಂಡಗೆ ಬರೆದು ಸಹಿ ಹಾಕಿದರು. ಈರಪ್ಪ ಚೀಟಿಯನ್ನು ಕಿಸೆಯಲ್ಲಿಟ್ಟು, ಕಪಾಟಿನಿಂದ ವೈಫೈ ಪೆಟ್ಟಿಗೆ ತೆಗೆದು ಅವರ ಕೈಗಿತ್ತ. ಮಾಸ್ತರರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಕೆಳಗಿಳಿದರು.

ಓದಿಗೆ ಅಡ್ಡಿಯೆಂದು ಹುಡುಗರು ಅದನ್ನು ಸೋಮವಾರವೇ ಬಿಚ್ಚಿಟ್ಟಿದ್ದರು.