ಖಾಲಿ ಗೂಡಿನ ಮುಂದೆ ನಿಂತ ಎಣಿಕೆ

ಕೋಟೆಗೋಡೆಯಲ್ಲಿ ಸಾಲಾಗಿ ಎಂಟು ಗೂಡುಗಳಿದ್ದವು. ದಿನವೂ ಅಲ್ಲಿನ ಪಾರಿವಾಳಗಳನ್ನು ಎಣಿಸಿ ತಲೆಗೊಂದು ನವಣೆ ತೆನೆ ತರುವುದು ಅಳಿಲಿನ ಕೆಲಸ. ಒಂದು ಬೆಳಿಗ್ಗೆ ಐದು ಪಾರಿವಾಳಗಳಿಗೆ ಎರಡೇ ತೆನೆ ಬಂದವು.

"ಅಳಿಲಕ್ಕ, ನನ್ನ ಪಾಲೆಲ್ಲಿ?" ಎಂದು ಕೊನೆಯ ಗೂಡಿನ ಮುದಿ ಪಾರಿವಾಳ ಕೇಳಿತು.

"ನನ್ನ ಎಣಿಕೆ ಎಂದೂ ತಪ್ಪಿಲ್ಲ," ಎಂದು ಅಳಿಲು ಬಾಲ ಕೊಡವಿತು.

"ಎಲ್ಲ ಗೂಡೂ ತುಂಬಿದ್ದಾಗ ತಪ್ಪುವುದಾದರೂ ಹೇಗೆ? ಈಗ ನನ್ನೆದುರು ಎಣಿಸು."

ಅಳಿಲು ಒಂದು, ಎರಡು ಎನ್ನುತ್ತ ಬಂದು, ಮೂರನೆಯ ಗೂಡು ಖಾಲಿ ಕಂಡದ್ದೇ ಸಾಲು ಮುಗಿಯಿತೆಂದು ತಿರುಗಿತು. ಬೆನ್ನ ಹಿಂದೆ ಮೂರು ಪಾರಿವಾಳಗಳು ಗುಟುರು ಹಾಕಿದವು. ಅಳಿಲಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಇನ್ನೂ ಮೂರು ತೆನೆ ತರಲು ಓಡಿತು.

ಮರುದಿನ ಮಿಕ್ಕವೆಲ್ಲ ಮುಂಚೆಯೇ ಹಾರಿಹೋಗಿದ್ದವು. ಅಳಿಲು ಏಳು ಖಾಲಿ ಗೂಡುಗಳಲ್ಲೂ ಇಣುಕಿ, ಎಂಟನೆಯದರ ಮುಂದೆ ನಿಂತು, "ಒಂದು" ಎಂದಿತು.