ಇಲಿಯ ಚೊಚ್ಚಲ ಹೆರಿಗೆ

ವಠಾರದ ಒಡತಿ ಅಶ್ವತ್ಥಮ್ಮನ ಗತ್ತು ನೀವು ನೋಡಬೇಕಿತ್ತು. ಬಾಡಿಗೆಗಿದ್ದ ಟೈಲರ್ ಹೆಂಡತಿ ಮಾದೇವಿ ಬಂದು, "ಅಡುಗೆಮನೆ ಗೋಡೆಯ ಬಿಲ ಮುಚ್ಚಿಸಿಕೊಡಿ ಅಮ್ಮಾವ್ರೇ, ಇಲಿಗಳು ಮಗು ಹಾಸಿಗೆ ಮೇಲೂ ಓಡಾಡ್ತಿವೆ" ಅಂದರೆ ಮೂಗು ಮುರಿದಳು.

"ಗಣಪನ ವಾಹನ ಕಣೇ! ನನ್ನ ಗೋಡೇಲಿ ಹುಟ್ಟಿದ್ದು ನನ್ನ ಮಕ್ಕಳಿದ್ದ ಹಾಗೆ. ಒಂದನ್ನ ಕೊಂದರೂ ನೀನು ಮನೆ ಖಾಲಿ ಮಾಡು."

ಮಾದೇವಿ ಮನೆಗೆ ಹೋಗಿ ಇಲಿಬೋನು ಹುಡುಕಿ ತೆಗೆದಳು. ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿದಳು.

ಶುಕ್ರವಾರ ಬೆಳಿಗ್ಗೆ ಅಶ್ವತ್ಥಮ್ಮನ ಮನೆ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು. ಮಾದೇವಿ ಬೋನಿಗೆ ಹೂವು ಮುಡಿಸಿ ತಂದು ನಡುಮನೆಯಲ್ಲಿ ಇಟ್ಟಳು. ಒಳಗೆ ಹೊಟ್ಟೆ ಊದಿದ ಇಲಿ.

"ಏನೇ ಇದು?"

"ಚೊಚ್ಚಲ ಬಸುರಿ ಅಮ್ಮಾವ್ರೇ. ನಿಮ್ಮ ಮಗಳು. ಮೊದಲ ಹೆರಿಗೆ ತವರಲ್ಲೇ ಆಗಬೇಕಲ್ಲ? ಇವತ್ತೋ ನಾಳೆಯೋ ಆರು ಹೆರ್ತಾಳೆ. ಮೂರು ವಾರಕ್ಕೆ ಇನ್ನೊಂದು ಬಾಣಂತನ. ಎರಡು ತಿಂಗಳಿಗೆ ಮೊಮ್ಮಕ್ಕಳೂ ಬಸುರಾಗ್ತಾವೆ" ಅಂತ ಬೋನಿನ ಬಾಗಿಲಿಗೆ ಕೈ ಹಾಕಿದಳು.

ಬಂದ ಹೆಂಗಸರೆಲ್ಲ ಸೀರೆ ಎತ್ತಿಕೊಂಡು ಬೆಂಚು ಹತ್ತಿದರು. ಅಶ್ವತ್ಥಮ್ಮ ಎಲ್ಲರಿಗಿಂತ ಮೊದಲೇ ಮಂಚದ ಮೇಲಿದ್ದಳು.

"ತೆಗೀಬೇಡ ಕಣೇ! ಈಗಲೇ ಗಾರೆಯವನನ್ನ ಕರೆಸ್ತೀನಿ, ಬಿಲ ಮುಚ್ಚಿಸ್ತೀನಿ!"

"ಬೇಗ ಕರೆಸಿ ಬೀಗಿತ್ತಮ್ಮ" ಅಂದಳು ಮಾದೇವಿ, ಬೋನಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು. "ನಿಮ್ಮ ಮಗಳಿಗೆ ನೋವು ಶುರುವಾದ ಹಾಗಿದೆ."