ಹಾಲ್ಟ್ ಬಂಡೆ

ಕರೇಮಟ್ಟಿ ಗುಡ್ಡದ ಏರುದಾರಿ ಅರ್ಧ ಮುಗಿಯುವಲ್ಲಿ, ತುಗ್ಗಲಿ ಮರದ ಕೆಳಗೆ, ಚಪ್ಪಟೆಯಾದೊಂದು ಬಂಡೆಯಿದೆ. ಸೌದೆ ಹೊತ್ತವರು, ಮೇಲಿನ ಗುಡಿಗೆ ಅಕ್ಕಿಮೂಟೆ ಹೊತ್ತವರು ಎಲ್ಲರೂ ಇಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತಾರೆ. ಇದರ ಹೆಸರು ಹಾಲ್ಟ್ ಬಂಡೆ. ಬಸ್ಸಿಗೂ ರೈಲಿಗೂ ಸಲ್ಲುವ ಈ ಇಂಗ್ಲಿಷ್ ಮಾತು, ಬಸ್ಸೇ ಹತ್ತದ ಗುಡ್ಡಕ್ಕೆ ಹೇಗೆ ಬಂತೆಂದು ಕೇಳುವವರಿದ್ದಾರೆ. ಹೇಳಿ ಹೇಳಿ ನನಗೂ ದಣಿವಾಗಿದೆ, ಆದರೂ ಹೇಳುತ್ತೇನೆ.

ಹಿಂದೆ ಒಮ್ಮೆ, ಬಿಳಿಯರು ನಾಡನ್ನು ಅಳೆಯುತ್ತಿದ್ದ ಕಾಲದಲ್ಲಿ, ಒಬ್ಬ ಸರ್ವೆ ಸಾಹೇಬ ತನ್ನ ಹಿತ್ತಾಳೆಯ ದುರ್ಬೀನು ಯಂತ್ರವನ್ನು ಈ ಗುಡ್ಡದ ನೆತ್ತಿಗೆ ಹೊರಿಸಿದನೆನ್ನುತ್ತಾರೆ. ಯಂತ್ರದ ಪೆಟ್ಟಿಗೆಯನ್ನು ಬೊಂಬಿಗೆ ಕಟ್ಟಿ ಹೊತ್ತವರು ಕೆಳಗಿನ ಹಟ್ಟಿಯ ಆಳುಗಳು. ಸಾಹೇಬ 'ಹಾಲ್ಟ್' ಎಂದರೆ ಇಳಿಸಬೇಕು, ಅನ್ನದಿದ್ದರೆ ಹೊತ್ತೇ ಇರಬೇಕು. ತಪ್ಪಿದರೆ ಎಲ್ಲರ ಬೆನ್ನಿಗೂ ಚಾಟಿ. ಆ ಮಾತಿನ ಮೂಲ ಜರ್ಮನರ ನುಡಿಯಲ್ಲಿದೆ, ಅಲ್ಲಿ ಅದಕ್ಕೆ 'ಹಿಡಿದುಕೋ' ಎಂದರ್ಥ ಎಂದು ಓದಿದವರು ಹೇಳುತ್ತಾರೆ. ಹೊತ್ತವರಿಗೆ ಅದೆಲ್ಲ ಬೇಕಿರಲಿಲ್ಲ. ಅವರ ಹೆಗಲಿಗೆ ತಿಳಿದಿದ್ದ ಅರ್ಥ ಒಂದೇ: ಇಳಿಸು. ಅಂದು ಸಾಹೇಬ ಬಾವುಟ ನೆಡಿಸಲೆಂದು ಮುಂದೆ ಹೋದವನು ಇವರನ್ನು ಮರೆತೇಬಿಟ್ಟ. ನೆತ್ತಿ ಸುಡುವ ಬಿಸಿಲು. ಮುಂದಿನ ತುದಿಗೆ ಹೆಗಲು ಕೊಟ್ಟಿದ್ದ ಗಾದ್ರಪ್ಪನಿಗೆ ಮೈತುಂಬ ಜ್ವರ. ನೀರಿನ ಕೊಡ ಹೊತ್ತು ಹಿಂದೆಯೇ ಬರುತ್ತಿದ್ದ ಅವನ ಹೆಂಡತಿ ಬೋರಕ್ಕ, ಗಂಡನ ಕಾಲು ತಡವರಿಸುವುದನ್ನು ಕಂಡು ಅಂಗಲಾಚಿದಳು: "ಇಳ್ಸ್ರಣ್ಣಾ, ಜೀವ ಹೋಗ್ತೈತೆ." ಹಿಂದಿನ ತುದಿ ಹೊತ್ತವನು, "ಸಾಹೇಬ್ರು ಅನ್ನಾ ತನ್ಕ ಹೆಂಗವ್ವಾ ಇಳ್ಸಾದು?" ಎಂದ. ಆಗ ಬೋರಕ್ಕ, ಕೇಳಿ ಕೇಳಿ ಬಾಯಿಗೆ ಬಂದಿದ್ದ ಆ ಮಾತನ್ನು ಗುಡ್ಡವೆಲ್ಲ ಮೊಳಗುವಂತೆ ತಾನೇ ಕೂಗಿದಳು: "ಹಾಲ್ಟ್!" ಯಾರು ಅಂದರೆಂದು ಯೋಚಿಸುವ ಮೊದಲೇ ಹೆಗಲುಗಳು ಬಾಗಿದವು, ಪೆಟ್ಟಿಗೆ ಈ ಬಂಡೆಯ ಮೇಲೆ ಕುಳಿತಿತು.

ಗಾದ್ರಪ್ಪ ಒಂದು ಗುಟುಕು ನೀರು ಕುಡಿದು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ, ಮತ್ತೆ ಏಳಲಿಲ್ಲ. ಇಳಿದು ಬಂದ ಸಾಹೇಬ ಟೋಪಿ ತೆಗೆದನೆಂದು ಕೆಲವರು, ಉಳಿದವರ ಮೇಲೆ ಚಾಟಿ ಬೀಸಿದನೆಂದು ಕೆಲವರು ಹೇಳುತ್ತಾರೆ. ನನಗೆ ಎರಡನೆಯದನ್ನು ನಂಬುವುದೇ ಸುಲಭ. "ಹೊರೆ ಹೊತ್ಕಂಡು ಸಾಯ್ಲಿಲ್ಲ ನನ್ ಗಂಡ, ಅಷ್ಟು ಸಾಕು" ಎಂದಳಂತೆ ಬೋರಕ್ಕ.

ಅಂದಿನಿಂದ ಇಲ್ಲಿ ಯಾರೂ ತಮ್ಮ ಹೊರೆಯನ್ನು ತಾವಾಗಿ ಇಳಿಸುವುದಿಲ್ಲ. ಜೊತೆಗಿದ್ದವರು 'ಹಾಲ್ಟ್' ಎಂದು ಹೇಳಬೇಕು. ಹೊಸಬರು ಈಗಲೂ ಇದನ್ನು ಕಂಡು ನಗುತ್ತಾರೆ. ಮನೆಯವಳು ತೀರಿಹೋದ ಮೇಲೆ, ಹೋದ ವರ್ಷ, ನಾನು ಒಬ್ಬನೇ ಹತ್ತಿದೆ. ಚೀಲ ಹೊತ್ತು ಬಂಡೆಯ ಮುಂದೆ ಸುಮ್ಮನೆ ನಿಂತೆ, ಹೇಳುವವರಿರಲಿಲ್ಲ. ಆಚೆ ಹುಲ್ಲು ಕೊಯ್ಯುತ್ತಿದ್ದ, ಗುರುತೇ ಇಲ್ಲದ ಹೆಂಗಸೊಬ್ಬಳು ಒಮ್ಮೆ ನನ್ನತ್ತ ನೋಡಿ, "ಹಾಲ್ಟು ಯಜಮಾನ್ರೇ, ಇಳ್ಸ್ರಿ" ಎಂದು ಮತ್ತೆ ಕೆಲಸಕ್ಕೆ ಬಾಗಿದಳು. ಇಳಿಸಿ ಕುಳಿತೆ. ತುಂಬ ಹೊತ್ತು ಏಳಲು ಮನಸ್ಸಾಗಲಿಲ್ಲ.